ಮನೆಬಾಗಿಲಿಗೆ ಬರುವ ಅಗ್ಗದ ಗೊಬ್ಬರ
(ಗ್ರಾಮಸೇವಕರು ರೈತರ ಸಭೆಯಲ್ಲಿ ಮಾಡಿದ ಭಾಷಣ)



ಈ ಹೊತ್ತು ನಿಮ್ಮೊಡನೆ ಮಾತನಾಡಬೇಕೆಂದಿರುವುದು ಹೊಸ ತಳಿಯ ವಿಷಯವಲ್ಲ, ಹುಳುವಿನ ವಿಷಯವೂ ಅಲ್ಲ. ಬಿತ್ತನೆಯ ಕಾಲ ಬಂತೆಂದರೆ ಟೆಂಪೋ ಏರಿಕೊಂಡು ನಮ್ಮ ಮನೆಬಾಗಿಲಿಗೆ ಬರುವ ಗುರುತಿಲ್ಲದ ಮಾರಾಟಗಾರರ ವಿಷಯ. ಹುಳು ತಿಂದರೆ ಎಲೆ ಹೋದೀತು. ಇವರ ಕೈಗೆ ಸಿಕ್ಕಿದರೆ ಇಡೀ ವರ್ಷದ ಬೆಳೆಯೇ ಹೋಗುತ್ತದೆ.

ಮೊದಲು ನಮ್ಮ ಮನೆಯಲ್ಲೇ ನಡೆದುದನ್ನು ಹೇಳುತ್ತೇನೆ. ನಾನು ಆಗ ಕೃಷಿ ಡಿಪ್ಲೊಮಾ ಓದುತ್ತಿದ್ದೆ. ಪುನರ್ವಸು ಮಳೆ ಹಿಡಿದಿತ್ತು. ಅಪ್ಪ ಹೊಲದಲ್ಲಿದ್ದರು, ಮನೆಯಲ್ಲಿ ಅವ್ವ ಒಬ್ಬಳೇ. ಪೇಟೆಯಲ್ಲಿ ಡಿಎಪಿ ಗೊಬ್ಬರಕ್ಕೆ ನೂಕುನುಗ್ಗಲು. ಅಷ್ಟರಲ್ಲಿ ಟೆಂಪೋ ಒಂದು ಬಂದು ನಿಂತಿತು. ಬಂದವನು ಅವ್ವನನ್ನು "ಅಮ್ಮಾ" ಎಂದು ಕರೆದ, ಕುಡಿಯಲು ನೀರು ಕೇಳಿದ, ಜಗುಲಿಯ ಮೇಲೆ ಕುಳಿತು ಮಳೆಯ ಮಾತನಾಡಿದ. ಅಂಗಡಿಗಿಂತ ಮೂಟೆಗೆ 200 ರೂಪಾಯಿ ಕಡಿಮೆ, ಇನ್ನು ನಾಲ್ಕೇ ಮೂಟೆ ಉಳಿದಿದೆ, ಪಕ್ಕದ ಊರಿನವರು ಕಾಯುತ್ತಿದ್ದಾರೆ ಎಂದ. ಎರಡು ಮೇಕೆ ಮಾರಿದ ಹಣ ಮನೆಯಲ್ಲಿತ್ತು. ಅವ್ವ ಕೊಟ್ಟಳು.

ರಾಗಿ ಹುಟ್ಟಿತು, ಆದರೆ ಪೈರು ಮೇಲೇಳಲಿಲ್ಲ. ಎಲೆ ಹಳದಿಗೆ ತಿರುಗಿತು. ರಜೆಗೆ ಬಂದ ನಾನು ಮೂಟೆಯಲ್ಲಿ ಉಳಿದಿದ್ದ ಒಂದು ಹಿಡಿಯನ್ನು ನೀರಿಗೆ ಹಾಕಿ ನೋಡಿದೆ. ತಂಬಿಗೆಯ ತಳದಲ್ಲಿ ಜೇಡಿಮಣ್ಣು ನಿಂತಿತ್ತು. ನಾನು ಅವ್ವನನ್ನು ಬೈದುಬಿಟ್ಟೆ. ಅವಳು ಅಳಲಿಲ್ಲ. "ನೀನು ಓದಿದ್ದನ್ನು ನನಗೆ ಯಾವತ್ತಾದರೂ ಹೇಳಿದ್ದೀಯೇನಪ್ಪಾ?" ಎಂದಳು, ಅಷ್ಟೇ. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಈಗ ಊರೂರು ತಿರುಗಿ ಇದನ್ನು ಹೇಳುತ್ತಿರುವುದೇ ನನ್ನ ಉತ್ತರ.

ಹಾಗೆಂದು ಬಾಗಿಲಿಗೆ ಬಂದವರೆಲ್ಲ ಕಳ್ಳರಲ್ಲ. ಬಳೆಗಾರ ಬರುತ್ತಾನೆ, ಮಡಕೆ ಮಾರುವವರು ಬರುತ್ತಾರೆ. ಬಳೆ ಒಡೆದರೆ ಮುಂದಿನ ಹಬ್ಬಕ್ಕೆ ಆ ಬಳೆಗಾರನನ್ನೇ ಹಿಡಿದು ಕೇಳಬಹುದು. ಮೋಸಗಾರ ಎರಡನೆಯ ಸಲ ಆ ಊರಿಗೆ ಬರುವುದಿಲ್ಲ. ಆದುದರಿಂದ "ನಾಳೆ ಇವನು ಎಲ್ಲಿ ಸಿಗುತ್ತಾನೆ?" ಎಂದು ಮೊದಲು ನಿಮ್ಮನ್ನು ನೀವೇ ಕೇಳಿಕೊಳ್ಳಿ.

ಇನ್ನು ಕಾನೂನು ಏನು ಹೇಳುತ್ತದೆ ನೋಡೋಣ. 1985ರ ರಸಗೊಬ್ಬರ ನಿಯಂತ್ರಣ ಆದೇಶದಂತೆ, ಅಧಿಕಾರಪತ್ರವಿಲ್ಲದೆ ಯಾರೂ ಗೊಬ್ಬರ ಮಾರುವಂತಿಲ್ಲ. ಮಾರಿದವರು ರಸೀತಿ ಕೊಡಲೇಬೇಕು. ಬಿತ್ತನೆ ಬೀಜಕ್ಕೆ 1966ರ ಬೀಜ ಕಾಯಿದೆ ಮತ್ತು 1983ರ ಬೀಜ ನಿಯಂತ್ರಣ ಆದೇಶ, ಕೀಟನಾಶಕಕ್ಕೆ 1968ರ ಕಾಯಿದೆ ಇವೆ. ಇವುಗಳ ಮಾರಾಟಕ್ಕೂ ಪರವಾನಗಿ ಬೇಕು. ಸಹಾಯಧನದ ಗೊಬ್ಬರವನ್ನು 2018ರಿಂದ ದೇಶದ ಎಲ್ಲ ಕಡೆ ಅಂಗಡಿಯ ಯಂತ್ರದಲ್ಲಿ ಕೊಳ್ಳುವವರ ಗುರುತು ದಾಖಲಿಸಿಯೇ ಮಾರಲಾಗುತ್ತಿದೆ. ಯಂತ್ರವಿಲ್ಲ, ರಸೀತಿಯಿಲ್ಲ, ಟೆಂಪೋದಲ್ಲಿ ಡಿಎಪಿ ಇದೆ ಎಂದರೆ ಅಲ್ಲಿಗೇ ಸಂಶಯ ಪಡಬೇಕು. ನೇರ ಮಾರಾಟದ ಕಂಪನಿಯವನೆಂದು ಹೇಳಿಕೊಂಡರೂ, 2021ರ ನಿಯಮದಂತೆ ಅವನಲ್ಲಿ ಗುರುತಿನ ಚೀಟಿ ಇರಬೇಕು, ಬರುವ ಮೊದಲೇ ನಿಮ್ಮ ಒಪ್ಪಿಗೆ ಪಡೆದಿರಬೇಕು.

ಅಂಥವರು ಬಂದಾಗ ಮಾಡಬೇಕಾದುದಿಷ್ಟು:

1. ನೀರು ಕೇಳಿದರೆ ಕೊಡಿ. ಅದು ನಮ್ಮ ಮನೆಯ ಮರ್ಯಾದೆ. ಆದರೆ ಮಾತುಕತೆ ಹೊಸಲಿನ ಆಚೆಯೇ ಇರಲಿ. ಹೆಣ್ಣುಮಕ್ಕಳು ಒಬ್ಬರೇ ಇದ್ದರೆ ಪಕ್ಕದ ಮನೆಯವರನ್ನು ಕೂಗಿ ಕರೆಯಿರಿ.

2. ಪರವಾನಗಿ, ಅಂಗಡಿಯ ವಿಳಾಸ, ರಸೀತಿ, ಈ ಮೂರನ್ನೂ ಕೇಳಿ. ಒಂದು ಇಲ್ಲದಿದ್ದರೂ ವ್ಯಾಪಾರ ಬೇಡ.

3. "ಇವತ್ತೇ ತಗೊಳ್ಳಿ" ಎಂದು ಅವಸರ ಮಾಡಿದರೆ "ಮನೆಯವರನ್ನು ಕೇಳಿ ನಾಳೆ ಹೇಳುತ್ತೇವೆ" ಎನ್ನಿ. ಒಳ್ಳೆಯ ಸರಕು ಒಂದು ರಾತ್ರಿಗೆ ಕೆಡುವುದಿಲ್ಲ.

4. ಯಾವ ಕಾಗದಕ್ಕೂ, ಯಂತ್ರಕ್ಕೂ ಹೆಬ್ಬೆಟ್ಟು ಒತ್ತಬೇಡಿ. ಮೊಬೈಲಿಗೆ ಬಂದ ಅಂಕಿಗಳನ್ನು ಓದಿ ಹೇಳಬೇಡಿ.

5. ಗಾಡಿಯ ನಂಬರು ಬರೆದಿಡಿ. ಆದರೆ ಯಾರನ್ನೂ ಹಿಡಿದು ಹೊಡೆಯಬಾರದು, ಕಟ್ಟಿಹಾಕಬಾರದು. 112ಕ್ಕೆ ಫೋನು ಮಾಡಿದರೆ ಪೊಲೀಸರು ಬರುತ್ತಾರೆ.

ಗೊಬ್ಬರವನ್ನು ಮನೆಯಲ್ಲೇ ಸ್ವಲ್ಪಮಟ್ಟಿಗೆ ಪರೀಕ್ಷಿಸಬಹುದು. ನಾಲ್ಕು ಕಾಳು ಡಿಎಪಿಯನ್ನು ಅಂಗೈಯಲ್ಲಿಟ್ಟು, ಎಲೆಯಡಿಕೆಯ ಸುಣ್ಣ ಸೇರಿಸಿ, ಹೊಗೆಸೊಪ್ಪು ತಿಕ್ಕುವಂತೆ ತಿಕ್ಕಿರಿ. ನಿಜವಾದ ಡಿಎಪಿಯಾದರೆ ಮೂಗಿಗೆ ಹೊಡೆಯುವ ಘಾಟು ಬರುತ್ತದೆ. ಮಣ್ಣಿನ ಕಾಳಾದರೆ ಘಾಟಿಲ್ಲ. ನೋಡಿದ ಮೇಲೆ ಕೈ ತೊಳೆದುಕೊಳ್ಳಿ. ಯೂರಿಯಾ ನೀರಿನಲ್ಲಿ ಪೂರ್ತಿ ಕರಗಬೇಕು. ಕರಗುವಾಗ ನೀರು ತಣ್ಣಗಾಗುತ್ತದೆ. ಮೂಟೆಯ ಬಾಯಿ ಯಂತ್ರದ ಹೊಲಿಗೆಯದಾಗಿರಬೇಕು. ತಯಾರಕರ ಹೆಸರು, ತೂಕ, ಗರಿಷ್ಠ ಬೆಲೆ ಅಚ್ಚಾಗಿರಬೇಕು. ಡಿಎಪಿ ಮೂಟೆಯ ಮೇಲೆ 18:46 ಎಂದಿರುತ್ತದೆ: ಸಾರಜನಕ ನೂರಕ್ಕೆ 18, ರಂಜಕ ನೂರಕ್ಕೆ 46 ಪಾಲು. ಪ್ರಮಾಣೀಕೃತ ಬಿತ್ತನೆ ಬೀಜದ ಚೀಲಕ್ಕೆ ನೀಲಿ ಚೀಟಿ ಇರುತ್ತದೆ. ಅದರಲ್ಲಿ ಅವಧಿಯನ್ನೂ ನೋಡಿ. ಇವೆಲ್ಲ ಸಂಶಯ ಹುಟ್ಟಿಸುವ ಗುರುತುಗಳು ಮಾತ್ರ. ಖಚಿತವಾಗಿ ಹೇಳುವುದು ಪ್ರಯೋಗಾಲಯವೇ.

ಒಂದು ವೇಳೆ ಮೋಸ ಹೋದರೆ? ಮೂಟೆಯನ್ನು ಬಿಸಾಡಬೇಡಿ. ಉಳಿದ ಗೊಬ್ಬರ, ಚೀಲ, ಚೀಟಿ ಎಲ್ಲವನ್ನೂ ಹಾಗೆಯೇ ಇಟ್ಟು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಿ. ಅಧಿಕಾರಿಗಳು ಮಾದರಿ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಗೊತ್ತಿಲ್ಲದ್ದನ್ನು ಕೇಳಲು ಕಿಸಾನ್ ಕಾಲ್ ಸೆಂಟರಿನ 1800-180-1551 ನಂಬರಿದೆ. ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಮೋಸ ಹೋದವರು ನಾಚಿಕೆಯಿಂದ ಬಾಯಿ ಬಿಡುವುದಿಲ್ಲ. ನಮ್ಮೂರಲ್ಲಿ ಆ ವರ್ಷ ಇನ್ನೂ ಮೂರು ಮನೆಯವರು ಅದೇ ಟೆಂಪೋದಿಂದ ಕೊಂಡಿದ್ದರೆಂದು ನಮಗೆ ತಿಳಿದದ್ದು ಕೊಯ್ಲಾದ ಮೇಲೆ. ಮೊದಲನೆಯವರು ಹೇಳಿದ್ದರೆ ಉಳಿದವರು ಉಳಿಯುತ್ತಿದ್ದರು. ಅಗ್ಗವೆಂದು ಮುಗ್ಗಲು ಜೋಳ ಕೊಂಡವನನ್ನು ಕಂಡು ಊರು ನಗುತ್ತದೆ, ನಿಜ. ನಗುವುದನ್ನು ನಾವು ಬಿಡೋಣ. ಮನೆಯಲ್ಲಿ ಹೆಂಡತಿಯೋ ತಾಯಿಯೋ ಮೋಸ ಹೋದರೆ ಬೈಯಬೇಡಿ; ಬೈದರೆ ಮುಂದಿನ ಸಲ ಅವರು ಮುಚ್ಚಿಡುತ್ತಾರೆ.

ಇವತ್ತು ಮನೆಗೆ ಹೋದವರು, ಸಭೆಗೆ ಬಾರದೆ ಮನೆಯಲ್ಲೇ ಇರುವವರಿಗೆ ಈ ಮಾತನ್ನೆಲ್ಲ ಹೇಳಿ. ಬಾಗಿಲಲ್ಲಿ ನಿಂತು ಉತ್ತರ ಕೊಡಬೇಕಾದವರು ಅವರೇ. ಸಂಶಯ ಬಂದಾಗ ನನಗೂ ಹೇಳಿಕಳಿಸಿ, ನಾನು ಬರುತ್ತೇನೆ.