ಉತ್ತರಹಳ್ಳಿ ಕ್ಷೇತ್ರ: ನಮ್ಮ ಹಿರಿಯರು ಮತ ಹಾಕಿದ ನಕ್ಷೆ
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಶಾಲೆಯ ಐವತ್ತು ವರ್ಷದ ಬಗ್ಗೆ ಹಿರಿಯರು ಮಾತಾಡಿದ್ದಾರೆ. ಆ ಐವತ್ತರಲ್ಲಿ ಬಹುಪಾಲು ವರ್ಷ ನಮ್ಮ ಭಾಗದವರು ಮತ ಹಾಕಿದ ಒಂದು ಕ್ಷೇತ್ರದ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ಅದರ ಹೆಸರು ಉತ್ತರಹಳ್ಳಿ ವಿಧಾನಸಭಾ ಕ್ಷೇತ್ರ. ಇಲ್ಲಿರುವ ಮಕ್ಕಳು ಈ ಹೆಸರನ್ನು ಯಾವ ಮತಪತ್ರದಲ್ಲೂ ನೋಡಲಾರರು. 2008ರಲ್ಲಿ ಅದು ಇಲ್ಲವಾಯಿತು.

ಲೋಕಸಭೆಗೆ ಉತ್ತರಹಳ್ಳಿ ಸೇರಿದ್ದು ಕನಕಪುರ ಕ್ಷೇತ್ರಕ್ಕೆ. ಬೆಂಗಳೂರಿನ ಅಂಚಿನಲ್ಲಿದ್ದ ನಾವು ರಾಮನಗರ, ಮಾಗಡಿ, ಸಾತನೂರಿನ ರೈತರ ಜೊತೆ ಸೇರಿ ಸಂಸದರನ್ನು ಆರಿಸುತ್ತಿದ್ದೆವು. 1996ರಲ್ಲಿ ಎಚ್.ಡಿ. ಕುಮಾರಸ್ವಾಮಿ, 1998ರಲ್ಲಿ ಎಂ. ಶ್ರೀನಿವಾಸ್ ಗೆದ್ದರು. 2002ರ ಉಪಚುನಾವಣೆಯಲ್ಲಿ ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರು ಗೆದ್ದರು. 2004ರಲ್ಲಿ ಅವರನ್ನು ತೇಜಸ್ವಿನಿ ಸೋಲಿಸಿದ್ದು ದೇಶಕ್ಕೇ ಸುದ್ದಿಯಾಯಿತು. ವಿಧಾನಸಭೆಗೆ 1999 ಮತ್ತು 2004ರಲ್ಲಿ ಆರ್. ಅಶೋಕ್ ಉತ್ತರಹಳ್ಳಿಯಿಂದ ಆಯ್ಕೆಯಾದರು.

ಆದರೆ ನಾನು ಹೇಳಬೇಕೆಂದಿರುವುದು ಗೆದ್ದವರ ಕಥೆಯಲ್ಲ, ಗಡಿಯ ಕಥೆ. ಈ ಕ್ಷೇತ್ರದ ಗಡಿಯನ್ನು 1971ರ ಜನಗಣತಿ ನೋಡಿ ಎಳೆದಿದ್ದರು. 1976ರಲ್ಲಿ ಸಂವಿಧಾನದ 42ನೇ ತಿದ್ದುಪಡಿ ಮರುವಿಂಗಡಣೆಯನ್ನು ತಡೆಹಿಡಿಯಿತು. ಜನಸಂಖ್ಯೆ ನಿಯಂತ್ರಿಸಿದ ರಾಜ್ಯಗಳಿಗೆ ಸ್ಥಾನ ನಷ್ಟವಾಗಬಾರದು ಎಂಬುದು ಅದರ ಹಿಂದಿನ ಕಾರಣ. ಕಾರಣ ಸರಿಯೇ ಇರಬಹುದು. ಆದರೆ ಬೆಂಗಳೂರು ನಿಂತಲ್ಲಿ ನಿಲ್ಲಲಿಲ್ಲ. ಕಾವಲ್ ಎಂದರೆ ಕಾಯ್ದಿಟ್ಟ ಭೂಮಿ. ಅಂಥ ಜಾಗದ ಸುತ್ತ ಬಡಾವಣೆಗಳು, ಪೀಣ್ಯದ ಕಾರ್ಖಾನೆಗಳಿಗೆ ದುಡಿಯಲು ಬಂದವರ ಮನೆಗಳು ಎದ್ದವು. 1978ರಿಂದ 2004ರವರೆಗೆ ಏಳು ವಿಧಾನಸಭಾ ಚುನಾವಣೆ ಅದೇ ಹಳೆಯ ಗಡಿಯಲ್ಲಿ ನಡೆದವು. ಉತ್ತರಹಳ್ಳಿ ರಾಜ್ಯದಲ್ಲೇ ಅತಿ ಹೆಚ್ಚು ಮತದಾರರಿದ್ದ ಕ್ಷೇತ್ರಗಳ ಸಾಲಿಗೆ ಸೇರಿತು.

ಇದರಿಂದ ಆದದ್ದೇನು? ನಗರದ ನಡುವಿನ ಸಣ್ಣ ಕ್ಷೇತ್ರಕ್ಕೂ ಒಬ್ಬ ಶಾಸಕರು, ಅದರ ಹಲವು ಪಟ್ಟು ಜನರಿದ್ದ ನಮಗೂ ಒಬ್ಬರೇ ಶಾಸಕರು. ನೀರು, ಚರಂಡಿ, ಶಾಲಾ ಕೊಠಡಿ ಎಂದು ಅರ್ಜಿ ಹಿಡಿದು ನಿಂತವರ ಸಾಲು ಇಲ್ಲಿ ಉದ್ದ. ಕಂಪ್ಯೂಟರ್ ಕೆಲಸದವನಾಗಿ ಹೇಳುವುದಾದರೆ, ಹತ್ತು ಜನರಿಗೆಂದು ಕಟ್ಟಿದ ಸರ್ವರ್‌ಗೆ ನೂರು ಜನರನ್ನು ಬಿಟ್ಟಂತೆ. ಸರ್ವರ್ ಎಷ್ಟೇ ಒಳ್ಳೆಯದಿದ್ದರೂ ಉತ್ತರ ತಡವಾಗಿಯೇ ಬರುತ್ತದೆ.

2002ರ ಕಾಯ್ದೆಯಂತೆ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಆಯೋಗ, 2001ರ ಜನಗಣತಿ ಆಧಾರದ ಮೇಲೆ ಗಡಿಗಳನ್ನು ಮತ್ತೆ ಎಳೆಯಿತು. ರಾಜ್ಯದ ಒಟ್ಟು ಸ್ಥಾನ 224 ಹಾಗೆಯೇ ಉಳಿಯಿತು. ಬೆಂಗಳೂರಿನ ಪಾಲು ಹೆಚ್ಚಿತು. ಉತ್ತರಹಳ್ಳಿಯ ಭಾಗಗಳು ಯಶವಂತಪುರ, ರಾಜರಾಜೇಶ್ವರಿನಗರ, ಪದ್ಮನಾಭನಗರ, ಬೆಂಗಳೂರು ದಕ್ಷಿಣದಂಥ ಕ್ಷೇತ್ರಗಳಿಗೆ ಹಂಚಿಹೋದವು. ನಮ್ಮ ಪಕ್ಕದ ಬಿನ್ನಿಪೇಟೆಯೂ ಹೋಗಿ ಗೋವಿಂದರಾಜನಗರ, ವಿಜಯನಗರ ಕ್ಷೇತ್ರಗಳು ಬಂದವು. ಕನಕಪುರ ಲೋಕಸಭಾ ಕ್ಷೇತ್ರದ ಜಾಗಕ್ಕೆ ಬೆಂಗಳೂರು ಗ್ರಾಮಾಂತರ ಬಂತು. ಈ ಹೊಸ ಗಡಿಯಲ್ಲಿ ಮೊದಲು ವಿಧಾನಸಭೆ ಚುನಾವಣೆ ನಡೆಸಿದ ರಾಜ್ಯ ನಮ್ಮದೇ, 2008ರ ಮೇ ತಿಂಗಳಲ್ಲಿ.

ಇದು ಹಳೆಯ ಕಥೆ ಎಂದು ಬಿಡುವಂತಿಲ್ಲ. ಈಗಿನ ಗಡಿಗಳಿಗೂ 2001ರ ಲೆಕ್ಕವೇ ಆಧಾರ. ಅಂದಿನಿಂದ ಈ ಪಶ್ಚಿಮ ಭಾಗ ಎಷ್ಟು ಬೆಳೆದಿದೆ ಎಂಬುದು ನಿಮ್ಮ ಕಣ್ಣೆದುರೇ ಇದೆ. 84ನೇ ತಿದ್ದುಪಡಿ ಸ್ಥಾನಗಳ ಸಂಖ್ಯೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಕಟ್ಟಿಹಾಕಿತು. ಆ ಗಣತಿಗೆ ಮನೆ ಮನೆಗೆ ಬರುವವರಲ್ಲಿ ನಮ್ಮ ಶಾಲಾ ಶಿಕ್ಷಕರೂ ಇರುತ್ತಾರೆ. ಬಾಡಿಗೆ ಮನೆಯವರು, ಶೆಡ್ಡಿನಲ್ಲಿರುವವರು, ಯಾರನ್ನೂ ಬಿಡದೆ ಬರೆಸಿ. ಲೆಕ್ಕಕ್ಕೆ ಸಿಗದವರಿಗೆ ನಕ್ಷೆಯಲ್ಲಿ ಜಾಗ ಸಿಗುವುದಿಲ್ಲ.

ಹಿರಿಯರಲ್ಲಿ ಒಂದು ಕೋರಿಕೆ: ಉತ್ತರಹಳ್ಳಿ ಕ್ಷೇತ್ರದ ಹಳೆಯ ಗುರುತಿನ ಚೀಟಿ, ಮತದಾರರ ಪಟ್ಟಿಯ ಪ್ರತಿ ಮನೆಯಲ್ಲಿದ್ದರೆ ಎಸೆಯಬೇಡಿ, ಶಾಲೆಯ ಗ್ರಂಥಾಲಯಕ್ಕೆ ಕೊಡಿ. ಸಮಾಜ ವಿಜ್ಞಾನದ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಸಾಮಗ್ರಿ ಇಲ್ಲ.