ವರಾಂಡದ ಸುದ್ದಿ ಫಲಕ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ಸಂಘಟಕರು ನನಗೆ ಕೊಟ್ಟ ವಿಷಯ ಬಹಳ ದೊಡ್ಡದು: ‘ಮಾಹಿತಿ ಯುಗ ಮತ್ತು ಗ್ರಾಮೀಣ ಸಮಾಜ’. ನಾನು ಅಂಚೆಯವರ ಆರ್‌ಎಂಎಸ್‌ನಲ್ಲಿ ಕಾಗದ ವಿಂಗಡಿಸಿಕೊಂಡು ಇದ್ದವನು, ಇನ್ನೆರಡು ವರ್ಷಕ್ಕೆ ನಿವೃತ್ತಿ. ಯುಗದ ಬಗ್ಗೆ ಮಾತಾಡುವ ಯೋಗ್ಯತೆ ನನಗಿಲ್ಲ. ಒಬ್ಬರು ಓದಿದ್ದನ್ನು, ಕೇಳಿದ್ದನ್ನು ಇನ್ನೊಬ್ಬರಿಗೆ ಕಳಿಸುವುದರ ಬಗ್ಗೆ ಮಾತ್ರ ನಾಲ್ಕು ಮಾತು ಹೇಳುತ್ತೇನೆ. ಅದರಲ್ಲಿ ನನ್ನದೇ ಒಂದು ತಪ್ಪು ಇದೆ. ನಲವತ್ತೈದು ವರ್ಷ ಈ ಊರಿನಲ್ಲಿ ಯಾರಿಗೂ ಹೇಳಿಲ್ಲ. ಇವತ್ತು ಹೇಳುತ್ತೇನೆ.

ಆಗ ಶಾಲೆಗೆ ಇದ್ದದ್ದು ನಾಲ್ಕು ಕೋಣೆ, ಒಂದು ವರಾಂಡ. ವರಾಂಡದ ಗೋಡೆಗೆ ಒಂದು ಕರಿಹಲಗೆ, ಅದರ ಪಕ್ಕ ಗುಂಡುಸೂಜಿ ಚುಚ್ಚುವ ಮೆತ್ತನೆಯ ಹಲಗೆ. ಎರಡಕ್ಕೂ ಸೇರಿ ‘ಸುದ್ದಿ ಫಲಕ’ ಎಂದು ಹೆಸರು. ಗದಗದಿಂದ ಬರುವ ಮೊದಲ ಬಸ್ಸಿನಲ್ಲಿ ‘ಸಂಯುಕ್ತ ಕರ್ನಾಟಕ’ ಬರುತ್ತಿತ್ತು, ತಿಂಗಳಿಗೊಮ್ಮೆ ಹುಬ್ಬಳ್ಳಿಯಿಂದ ‘ಕಸ್ತೂರಿ’ ಬರುತ್ತಿತ್ತು. ವಿಜ್ಞಾನದ ಮಾಸ್ತರರು ‘ಕಸ್ತೂರಿ’ಯನ್ನು ಯಾರ ಕೈಗೂ ಬೇಗ ಕೊಡುತ್ತಿರಲಿಲ್ಲ, ಮೊದಲು ತಾವು ಓದಿ ಮುಗಿಸಬೇಕು. ಹಳೆಯ ಪತ್ರಿಕೆಯಿಂದ ಚೆಂದದ ಸುದ್ದಿ ಕತ್ತರಿಸಿ ಅಂಟಿಸುವುದು, ಕರಿಹಲಗೆಯ ಮೇಲೆ ದಿನಕ್ಕೊಂದು ಸುದ್ದಿ ಬರೆಯುವುದು ನಮ್ಮ ಸರದಿ. ಚುನಾವಣೆ, ಚಂದ್ರಲೋಕ, ಗುಂಡಪ್ಪ ವಿಶ್ವನಾಥ್ ಹೊಡೆದ ಶತಕ, ಎಲ್ಲವೂ ಅಲ್ಲೇ. ಊರಿನವರೂ ಸಂಜೆ ಬಂದು ಓದುತ್ತಿದ್ದರು. ಓದಲು ಬಾರದವರಿಗೆ ಬಂದವರು ಓದಿ ಹೇಳುತ್ತಿದ್ದರು.

1979ರ ಜೂನ್‌ನಲ್ಲಿ ನಾನು ಎಂಟನೆಯ ತರಗತಿಗೆ ಸೇರಿದೆ. ಆ ವರ್ಷ ಸ್ಕೈಲ್ಯಾಬ್ ಬೀಳುವ ಸುದ್ದಿ. ಈಗಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ: ಅದು ಅಮೆರಿಕ 1973ರಲ್ಲಿ ಹಾರಿಸಿದ ಅಂತರಿಕ್ಷ ನಿಲ್ದಾಣ. ತೂಕ ಸುಮಾರು 77 ಟನ್. ಮೂರು ತಂಡಗಳು ಅದರಲ್ಲಿ ಇದ್ದು ಬಂದ ಮೇಲೆ 1974ರಿಂದ ಖಾಲಿ ಸುತ್ತುತ್ತಿತ್ತು. ಸೂರ್ಯನ ಚಟುವಟಿಕೆ ಎಣಿಸಿದ್ದಕ್ಕಿಂತ ಜೋರಾಯಿತು, ಮೇಲಿನ ವಾತಾವರಣ ಕಾದು ಉಬ್ಬಿತು, ಅದರ ತಡೆಗೆ ಸ್ಕೈಲ್ಯಾಬ್ ಬೇಗ ಬೇಗ ಕೆಳಗಿಳಿಯತೊಡಗಿತು. ಎಲ್ಲಿ ಬೀಳುತ್ತದೆ ಎಂದು ಹಾರಿಸಿದವರಿಗೂ ಖಚಿತವಿರಲಿಲ್ಲ. ಭೂಮಿಯ ಮೇಲಿನ ಯಾರೋ ಒಬ್ಬರಿಗೆ ತುಣುಕು ತಗಲುವ ಸಂಭವ 152ರಲ್ಲಿ 1 ಎಂದು ನಾಸಾ ಹೇಳಿತ್ತು. ಕೇಳಿದರೆ ಎದೆ ಧಸಕ್ಕೆನ್ನುವ ಲೆಕ್ಕ. ಆದರೆ ಅದು ಇಡೀ ಲೋಕದ ಲೆಕ್ಕ. ನಿಮಗೋ ನನಗೋ ತಗಲುವ ಸಂಭವ 60,000 ಕೋಟಿಯಲ್ಲಿ 1. ಅರ್ಧ ಲೆಕ್ಕ ಮಾತ್ರ ಊರೂರು ಸುತ್ತಿತು. ಉಳಿದರ್ಧ ಎಲ್ಲಿ ಉಳಿಯಿತೋ.

ಜುಲೈ ಮೊದಲ ವಾರ. ನಾನು ಕಟಿಂಗ್ ಅಂಗಡಿಯಲ್ಲಿ ಕೇಳಿದೆ: ಬರುವ ಬುಧವಾರ ಸ್ಕೈಲ್ಯಾಬು ಗದಗ ಹುಬ್ಬಳ್ಳಿ ನಡುವೆ ಬೀಳುವುದು ಗ್ಯಾರಂಟಿ. ಮರುದಿನ ಫಲಕ ಬರೆಯುವ ಸರದಿ ನನ್ನದು. ಮಾಸ್ತರರು ಬರುವುದಕ್ಕೆ ಮೊದಲೇ ದಪ್ಪ ಅಕ್ಷರದಲ್ಲಿ ಬರೆದೆ: ‘ಬುಧವಾರ ಸ್ಕೈಲ್ಯಾಬ್ ನಮ್ಮ ಸೀಮೆಗೆ ಬೀಳಲಿದೆ.’ ಅಕ್ಷರಕ್ಕೆ ಬಣ್ಣದ ಸೀಮೆಸುಣ್ಣದ ನೆರಳೂ ಕೊಟ್ಟಿದ್ದೆ. ಆ ದಿನ ಮಾಸ್ತರರು ಗದಗಕ್ಕೆ ಯಾವುದೋ ಸಭೆಗೆ ಹೋಗಿದ್ದರು. ಎರಡು ದಿನ ಹಾಗೇ ಉಳಿಯಿತು.

ನಮ್ಮ ಓಣಿಯಲ್ಲಿ ಒಬ್ಬ ಆಯಿ ಇದ್ದಳು. ಗಂಡ ಇಲ್ಲ, ಮಕ್ಕಳಿಲ್ಲ, ಎರಡು ಆಡು. ಹಾಲು ಮಾರಿ ಉಣ್ಣುತ್ತಿದ್ದಳು. ಆ ವಾರದ ಸಂತೆಯಲ್ಲಿ ಎರಡನ್ನೂ ಅರ್ಧ ಬೆಲೆಗೆ ಮಾರಿದಳು. ಹೆಂಗೂ ಸಾಯೋದು, ಇದ್ದ ನಾಲ್ಕು ದಿನ ಹೋಳಿಗಿ ಮಾಡಿ ಓಣಿಗೆಲ್ಲ ಉಣಿಸಿ ಸಾಯೋಣ ಅಂದಳಂತೆ. ಉಣಿಸಿದಳು. ನಾನೂ ಎರಡು ಹೋಳಿಗೆ ತಿಂದೆ.

ಬುಧವಾರ, ಜುಲೈ 11. ಊರು ನಿದ್ದೆ ಮಾಡಲಿಲ್ಲ. ಗುಡಿಯಲ್ಲಿ ಭಜನೆ. ನಮ್ಮ ಲೆಕ್ಕದ ರಾತ್ರಿ ಹತ್ತು ಗಂಟೆಯ ಹೊತ್ತಿಗೆ ಸ್ಕೈಲ್ಯಾಬ್ ಹಿಂದೂ ಮಹಾಸಾಗರದ ಮೇಲೆ ಒಡೆದು, ಪಶ್ಚಿಮ ಆಸ್ಟ್ರೇಲಿಯಾದ ಎಸ್ಪೆರೆನ್ಸ್ ಎಂಬ ಊರಿನ ಸುತ್ತಮುತ್ತ ತುಣುಕಾಗಿ ಬಿತ್ತು. ಒಬ್ಬರಿಗೂ ಏನೂ ಆಗಲಿಲ್ಲ. ನಮ್ಮೂರಿಗೆ ರೇಡಿಯೋದಲ್ಲಿ ತಿಳಿದದ್ದು ಮರುದಿನ.

ಆಯಿ ಆಮೇಲೆ ನಮ್ಮ ಕಟ್ಟೆಗೆ ಬಂದು ಕುಳಿತಳು. ಸಿಟ್ಟಿರಲಿಲ್ಲ. ನಮ್ಮ ಅವ್ವನ ಮುಂದೆ ಒಂದೇ ಮಾತು ಹೇಳಿದಳು: “ಸಾಲ್ಯಾಗ ಬರದಿದ್ರಂತವಾ. ಸಾಲ್ಯಾಗ ಸುಳ್ಳು ಬರೀತಾರೇನು?” ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಬರೆದವನು ನಾನೇ ಎಂದು ಹೇಳಲಿಲ್ಲ. ಅವಳು ತೀರಿಕೊಳ್ಳುವವರೆಗೂ ಹೇಳಲಿಲ್ಲ.

ಮಾಸ್ತರರಿಗೆ ಮಾತ್ರ ಅಕ್ಷರದ ಮೇಲೆ ಗೊತ್ತಾಯಿತು. ಹೊಡೆಯುತ್ತಾರೆ ಎಂದುಕೊಂಡಿದ್ದೆ. “ನಿನಗ ಯಾರು ಹೇಳಿದ್ರು? ಅವರಿಗೆ ಯಾರು ಹೇಳಿದ್ರು? ಕೇಳ್ಕೊಂಡು ಬಾ” ಎಂದು ಕಳಿಸಿದರು. ಕಟಿಂಗ್ ಅಂಗಡಿಯವರಿಗೆ ಹೇಳಿದ್ದು ಬಸ್ಸಿನ ಕಂಡಕ್ಟರು. ಕಂಡಕ್ಟರನ್ನು ಹಿಡಿಯಲು ಎರಡು ದಿನ ಬೇಕಾಯಿತು. ಅವನು ಕೇಳಿದ್ದು ಗದಗ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ, ಯಾರೋ ಒಬ್ಬ ಪ್ರಯಾಣಿಕ, ಬಿಳಿ ಅಂಗಿ. ಅಷ್ಟೇ. ಎರಡು ಆಡಿನ ಬೆಲೆ ಆ ಬಿಳಿ ಅಂಗಿಯ ಹತ್ತಿರ ಹೋಗಿ ಮುಗಿಯಿತು.

ಮುಂದಿನ ವಾರದಿಂದ ಫಲಕಕ್ಕೆ ಒಂದು ಕಟ್ಟಳೆ ಬಂತು. ಏನೇ ಹಾಕಿದರೂ ಕೆಳಗೆ ಮೂರು ಸಾಲು: ಎಲ್ಲಿಂದ ತೆಗೆದದ್ದು, ಯಾವ ತಾರೀಖಿನದು, ಹಾಕಿದವರು ಯಾರು. ಕೇಳಿದ ಸುದ್ದಿಯಾದರೆ ‘ಕೇಳಿದ್ದು’ ಎಂದೇ ಬರೆಯಬೇಕು. ಪೂರ್ತಿ ಓದದೆ ಹಾಕುವಂತಿಲ್ಲ. ಮಾಸ್ತರರು ಓಡಾಡುತ್ತ ನಡುವೆ ಒಂದು ಪ್ರಶ್ನೆ ಕೇಳುತ್ತಿದ್ದರು, ಓದದವನು ಸಿಕ್ಕಿಬೀಳುತ್ತಿದ್ದ.

ಏಳು ತಿಂಗಳಿಗೆ, 1980ರ ಫೆಬ್ರವರಿ 16ರ ಶನಿವಾರ, ಖಗ್ರಾಸ ಸೂರ್ಯಗ್ರಹಣ ಬಂತು. ಚಂದ್ರನ ಪೂರ್ಣ ನೆರಳು ಕಾರವಾರ–ಅಂಕೋಲೆಯ ಕಡೆಯಿಂದ ಹುಬ್ಬಳ್ಳಿ, ಗದಗ ದಾಟಿ ರಾಯಚೂರಿನ ಮೇಲೆ ಹಾದುಹೋಯಿತು. ನಮ್ಮ ಊರು ಆ ಹಾದಿಯಲ್ಲೇ ಇತ್ತು. ಈ ಸಲ ಫಲಕದ ಮೇಲೆ ಪತ್ರಿಕೆಯ ತುಣುಕು, ನಕ್ಷೆ, ರಟ್ಟಿಗೆ ಸೂಜಿತೂತು ಮಾಡಿ ಗೋಡೆಯ ಮೇಲೆ ಸೂರ್ಯನ ಬಿಂಬ ಬೀಳಿಸುವ ವಿಧಾನ, ಬರಿಗಣ್ಣಿನಿಂದ ನೋಡಬಾರದೆಂಬ ಎಚ್ಚರಿಕೆ. ಕೆಳಗೆ ಪತ್ರಿಕೆಯ ಹೆಸರು, ತಾರೀಖು, ನನ್ನ ಹೆಸರು. ಆಯಿ ಯಾರಿಂದಲೋ ಓದಿಸಿಕೊಂಡಳು. ಕೊನೆಗೆ, “ಕೆಳಗ ಹೆಸರು ಐತೇನು?” ಎಂದು ಕೇಳಿದಳಂತೆ. ಐತಿ ಎಂದರಂತೆ. ಆದರೂ ಗ್ರಹಣದ ದಿನ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಊರಿನ ಬಹಳ ಮಂದಿ ಹಾಗೇ ಮಾಡಿದರು, ಕೆಲವರು ಪರಾತದ ನೀರಿನಲ್ಲಿ ಒನಕೆ ನಿಲ್ಲಿಸಿ ಕುಳಿತರು. ಒಂದು ಚೀಟಿ ಅಂಟಿಸಿದ ಮಾತ್ರಕ್ಕೆ ನೂರಾರು ವರ್ಷದ ಭಯ ಹೋಗುವುದಿಲ್ಲ. ನಾವು ಮೂವತ್ತು ಹುಡುಗರು ಮಾತ್ರ ಮಾಸ್ತರರ ಜೊತೆ ಈ ಅಂಗಳದಲ್ಲಿ ನಿಂತಿದ್ದೆವು. ಮೂರೂವರೆ ದಾಟಿದ ಮೇಲೆ ಹಗಲು ಆರಿಹೋಯಿತು. ಕಾಗೆಗಳು ಆಲದ ಮರಕ್ಕೆ ಮರಳಿದವು. ಆ ಎರಡೂವರೆ ನಿಮಿಷದ ಬಗ್ಗೆ ಹೇಳಲು ಹೋದರೆ ನನ್ನ ಸಮಯ ಮುಗಿಯುತ್ತದೆ, ಅಧ್ಯಕ್ಷರು ಆಗಲೇ ಗಡಿಯಾರ ನೋಡುತ್ತಿದ್ದಾರೆ.

ಈಗಿನ ಫಲಕಕ್ಕೆ ಬರುತ್ತೇನೆ. ನಮ್ಮ 1979–82ರ ಬ್ಯಾಚಿನವರದು ಒಂದು ವಾಟ್ಸಾಪ್ ಗುಂಪು ಇದೆ. ಬಸ್ ಡ್ರೈವರ್ ಇದ್ದಾನೆ, ಪುಣೆಯಲ್ಲಿ ಕಾರ್ಖಾನೆಯವನಿದ್ದಾನೆ, ಬೆಂಗಳೂರಿನ ಸಾಫ್ಟ್‌ವೇರಿನವನಿದ್ದಾನೆ, ಇಲ್ಲೇ ಕಿರಾಣಿ ಅಂಗಡಿಯವನಿದ್ದಾನೆ, ಮೂವರು ಅಜ್ಜಿಯಾಗಿದ್ದಾರೆ. ಏನೆಲ್ಲ ಬರುತ್ತದೆ! 2016ರ ನವೆಂಬರಿನಲ್ಲಿ, 2000 ರೂಪಾಯಿ ನೋಟಿನೊಳಗೆ ಚಿಪ್ ಇದೆ ಎಂದು ಬಂತು. ಪ್ರತಿ ವರ್ಷ ದೀಪಾವಳಿಗೆ ತಪ್ಪದೆ ಒಂದು ಚಿತ್ರ ಬರುತ್ತದೆ: ಬಾಹ್ಯಾಕಾಶದಿಂದ ಕಂಡ ದೀಪಾವಳಿಯ ಭಾರತ, ಬಿಳಿ, ನೀಲಿ, ಹಸಿರು, ಕೆಂಪು ದೀಪಗಳು. ನಮ್ಮ ಗೆಳೆಯನೊಬ್ಬನ ಮಗಳು, ಬಿ.ಎಸ್‌ಸಿ. ಓದುತ್ತಿದ್ದವಳು, ಅದರ ಮೂಲ ಹುಡುಕಿ ಕೊಟ್ಟಳು. ಅದು ಒಂದು ರಾತ್ರಿಯ ಚಿತ್ರವೇ ಅಲ್ಲ. ಊರುಗಳ ದೀಪ ವರ್ಷದಿಂದ ವರ್ಷಕ್ಕೆ ಹೇಗೆ ಹರಡಿತು ಎಂದು ತೋರಿಸಲು ವಿಜ್ಞಾನಿಗಳು ಉಪಗ್ರಹದ ಮಾಹಿತಿಗೆ ಬಣ್ಣ ಕೊಟ್ಟು ಮಾಡಿದ್ದು. 1992ಕ್ಕೆ ಮೊದಲೇ ಇದ್ದ ದೀಪ ಬಿಳಿ, 1992ರಲ್ಲಿ ಕಂಡದ್ದು ನೀಲಿ, 1998ರಲ್ಲಿ ಹಸಿರು, 2003ರಲ್ಲಿ ಕೆಂಪು. 2012ರಲ್ಲಿ ನಾಸಾ ದೀಪಾವಳಿಯ ರಾತ್ರಿಯ ನಿಜವಾದ ಚಿತ್ರವನ್ನೇ ಪ್ರಕಟಿಸಿ, ಹಬ್ಬದ ಹೆಚ್ಚುವರಿ ಬೆಳಕು ಅಷ್ಟು ಎತ್ತರದಿಂದ ಕಾಣುವಷ್ಟಿಲ್ಲ ಎಂದು ಹೇಳಿತು. ನನಗೆ ಕೇಳಿದರೆ ಸುಳ್ಳಿಗಿಂತ ನಿಜವೇ ಚೆಂದ. ಆ ಹಸಿರು ಕೆಂಪು ಚುಕ್ಕೆಗಳಲ್ಲಿ ನಮ್ಮಂಥ ಎಷ್ಟೋ ಊರುಗಳಿಗೆ ಕರೆಂಟು ಬಂದ ಕಥೆ ಇದೆ.

ಪುಣೆಯ ಗೆಳೆಯ ಒಮ್ಮೆ ಸ್ಕೈಲ್ಯಾಬಿನದೇ ಒಂದು ಲಿಂಕ್ ಕಳಿಸಿದ. ಎಸ್ಪೆರೆನ್ಸ್‌ನ ಸ್ಥಳೀಯ ಆಡಳಿತ, ನಮ್ಮೂರಲ್ಲಿ ಕಸ ಚೆಲ್ಲಿದಿರಿ ಎಂದು ನಾಸಾಕ್ಕೆ 400 ಡಾಲರ್ ದಂಡ ಹಾಕಿತ್ತಂತೆ. ಮೂವತ್ತು ವರ್ಷ ಬಾಕಿ ಇದ್ದ ಆ ದಂಡವನ್ನು 2009ರಲ್ಲಿ ಅಮೆರಿಕದ ಒಬ್ಬ ರೇಡಿಯೋ ನಿರೂಪಕ ಕೇಳುಗರಿಂದ ವಂತಿಗೆ ಎತ್ತಿ ಕಟ್ಟಿದ. ಮೊದಲ ತುಣುಕು ತಂದವರಿಗೆ ಸ್ಯಾನ್‌ಫ್ರಾನ್ಸಿಸ್ಕೋದ ಪತ್ರಿಕೆಯೊಂದು 10,000 ಡಾಲರ್ ಬಹುಮಾನ ಇಟ್ಟಿತ್ತು, ಎಸ್ಪೆರೆನ್ಸ್‌ನ 17 ವರ್ಷದ ಹುಡುಗ ವಿಮಾನ ಹತ್ತಿ ಹೋಗಿ ಗೆದ್ದ. ಗುಂಪಿನವರೆಲ್ಲ ನಕ್ಕರು. ನಾನು ಎರಡು ಆಡಿನ ಲೆಕ್ಕ ಹಾಕುತ್ತಿದ್ದೆ.

‘ಲಿಂಕ್’ ಎಂದೆನಲ್ಲ, ಅದನ್ನು ಏಕೆ ಮಾಡಿದರು ಗೊತ್ತೇ? 1989ರಲ್ಲಿ ಜಿನೀವಾದ ಸೆರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಒಂದು ಪ್ರಸ್ತಾವ ಬರೆದರು. ಅಲ್ಲಿ ಕೆಲಸಕ್ಕೆ ಬಂದವರು ಎರಡು ವರ್ಷ ಇದ್ದು ಹೋಗುತ್ತಿದ್ದರು, ಅವರ ಜೊತೆ ಮಾಹಿತಿಯೂ ಹೋಗುತ್ತಿತ್ತು. ಯಾವುದು ಎಲ್ಲಿದೆ, ಯಾರು ಬರೆದದ್ದು, ಯಾವುದಕ್ಕೆ ಯಾವುದು ಸಂಬಂಧ ಎಂಬುದು ತಪ್ಪಿಹೋಗದಿರಲಿ ಎಂದು ಈ ಕೊಂಡಿಗಳ ಜಾಲ. ನಮ್ಮ ಮಾಸ್ತರರ ಮೂರು ಸಾಲೂ ಇದೇ ಕೆಲಸ ಮಾಡುತ್ತಿದ್ದವು. ವಾಟ್ಸಾಪಿನಲ್ಲಿ ಒತ್ತಿ ಮುಂದಕ್ಕೆ ಕಳಿಸಿದಾಗ ಮೊದಲು ಉದುರಿಹೋಗುವುದು ಆ ಮೂರು ಸಾಲೇ. ಆರ್‌ಎಂಎಸ್‌ನಲ್ಲಿ ನಾವು ‘ಇಂದ’ ವಿಳಾಸವಿಲ್ಲದ ಕಾಗದವನ್ನೂ ತಲುಪಿಸುತ್ತೇವೆ, ನಿಜ. ಆದರೆ ಅದನ್ನು ಸಾವಿರ ಪ್ರತಿ ಮಾಡಿ ಹಂಚುವುದಿಲ್ಲ.

2018ರ ಬೇಸಿಗೆಯಲ್ಲಿ ನಮ್ಮ ಗುಂಪಿಗೆ ಒಂದು ವಿಡಿಯೋ ಬಂತು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಕೆಳಗೆ: ‘ಮಕ್ಕಳ ಕಳ್ಳರು ನಮ್ಮ ಜಿಲ್ಲೆಗೆ ಬಂದಿದ್ದಾರೆ, ಎಲ್ಲರಿಗೂ ಕಳಿಸಿ.’ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗೆಂದು ಮಾಡಿದ ಚಿತ್ರವದು. ಅದರ ಕೊನೆಯಲ್ಲಿ ಮಗುವನ್ನು ವಾಪಸು ತಂದು ಬಿಟ್ಟು, ಬರಹ ಹಿಡಿದು ತೋರಿಸುತ್ತಾರೆ. ಆ ಕೊನೆಯನ್ನು ಯಾರೋ ಕತ್ತರಿಸಿದ್ದರು. ನನಗೆ ಅನುಮಾನ ಬಂದಿತ್ತು. ಕಳಿಸಿದ್ದು ನನಗೆ ಬಹಳ ಬೇಕಾದವನು, ಮನಸ್ಸು ನೋಯಿಸುವುದೇಕೆ ಎಂದು ಸುಮ್ಮನಾದೆ.

ಜುಲೈ 13. ಬೀದರ್ ಜಿಲ್ಲೆಯಲ್ಲಿ, ಕಾರಿನಲ್ಲಿ ಬಂದಿದ್ದ ಗೆಳೆಯರು ಒಂದು ಹಳ್ಳಿಯ ಹತ್ತಿರ ನಿಲ್ಲಿಸಿ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರೆಂದು ಜನ ಸೇರಿದರು. ಅವರು ಹೆದರಿ ಕಾರು ಓಡಿಸಿದರು. ಆದರೆ ಅವರಿಗಿಂತ ಮೊದಲು ವಿಡಿಯೋ ಮುರ್ಕಿ ಗ್ರಾಮ ಮುಟ್ಟಿತ್ತು, ಅಲ್ಲಿ ರಸ್ತೆ ಕಟ್ಟಿದರು. ಹೈದರಾಬಾದಿನ ಒಬ್ಬ ಯುವ ಇಂಜಿನಿಯರನನ್ನು ಹೊಡೆದು ಕೊಂದರು. ಬಿಡಿಸಲು ಹೋದ ಪೊಲೀಸರಿಗೂ ಗಾಯವಾಯಿತು. ಹೊಡೆದವರೆಲ್ಲ ಕೆಟ್ಟವರೇ ಎಂದು ಹೇಳಿ ನಾನು ಕೈ ತೊಳೆದುಕೊಳ್ಳಲಾರೆ. ಅವರಲ್ಲಿ ಮಕ್ಕಳ ತಂದೆಯರಿದ್ದರು, ತಮ್ಮ ಮೊಬೈಲಿನಲ್ಲಿ ಕಂಡದ್ದನ್ನು ಆ ಆಯಿಯ ಹಾಗೇ ನಂಬಿದವರಿದ್ದರು. ಅದೇ ತಿಂಗಳು ವಾಟ್ಸಾಪ್ ಕಂಪನಿ ಮುಂದಕ್ಕೆ ಕಳಿಸಿದ ಸಂದೇಶಕ್ಕೆ ಗುರುತು ಹಾಕಿತು, ಭಾರತದಲ್ಲಿ ಒಮ್ಮೆಗೆ 5 ಕಡೆಗೆ ಮಾತ್ರ ಎಂದು ಮಿತಿ ಹಾಕಿತು.

ಅವತ್ತು ರಾತ್ರಿ ನಾನು ಗುಂಪಿನಲ್ಲಿ ಸ್ಕೈಲ್ಯಾಬ್ ಬರೆದದ್ದು ನಾನೇ ಎಂದು ಬರೆದೆ. ಮೂರು ಸಾಲಿನ ಕಟ್ಟಳೆಯನ್ನು ಮತ್ತೆ ತರೋಣ ಎಂದೆ. ಬಹಳ ಜನ ಒಪ್ಪಿದರು. ಸಂದೇಶಗಳು ಕಡಿಮೆಯಾದವು, ಓದುವಂಥವು ಹೆಚ್ಚಾದವು. ರಾಜಕೀಯದಲ್ಲಿ ಮಾತ್ರ ಈ ಕಟ್ಟಳೆ ಪೂರ್ತಿ ಕೆಲಸ ಮಾಡಲಿಲ್ಲ, ಸುಳ್ಳು ಹೇಳಬಾರದು. ಪತ್ರಿಕೆಯ ಹೆಸರು, ತಾರೀಖು ಎಲ್ಲ ಸರಿಯಿದ್ದ ಸುದ್ದಿಯ ಮೇಲೇ ಚುನಾವಣೆಯ ಹೊತ್ತಿನಲ್ಲಿ ದೊಡ್ಡ ಜಗಳವಾಯಿತು. ಒಬ್ಬ ಗುಂಪು ಬಿಟ್ಟು ಹೋದ. ಈ ಸಮಾರಂಭಕ್ಕೆ ಬಂದಿದ್ದಾನೆ, ಮೂರನೆಯ ಸಾಲಿನಲ್ಲಿ ಕುಳಿತು ನಗುತ್ತಿದ್ದಾನೆ. ಊಟಕ್ಕೆ ಕೂತಾಗ ಮತ್ತೆ ಜಗಳ ಆಡುವುದಿದೆ. ಎದುರು ಕುಳಿತು ಆಡುವ ಜಗಳಕ್ಕೆ ನನ್ನ ತಕರಾರಿಲ್ಲ.

ವರಾಂಡದ ಹಲಗೆ ಇನ್ನೂ ಇದೆ, ಬೆಳಿಗ್ಗೆ ನೋಡಿ ಬಂದೆ. ಒಂದು ಹಾಳೆ ಬರೆದು ತಂದಿದ್ದೇನೆ, ಗುಂಡುಸೂಜಿಯನ್ನೂ ತಂದಿದ್ದೇನೆ. ಮುಖ್ಯೋಪಾಧ್ಯಾಯರ ಅಪ್ಪಣೆಯಾದರೆ ಈಗಲೇ ಹಚ್ಚುತ್ತೇನೆ. ಓದುತ್ತೇನೆ: ‘2027ರ ಆಗಸ್ಟ್ 2, ಸೋಮವಾರ, ಸೂರ್ಯಗ್ರಹಣ. ಈಜಿಪ್ಟಿನ ಲಕ್ಸರ್‌ನಲ್ಲಿ 6 ನಿಮಿಷಕ್ಕೂ ಹೆಚ್ಚು ಖಗ್ರಾಸ. ನಮ್ಮಲ್ಲಿ ಸಂಜೆಯ ಹೊತ್ತಿಗೆ ಖಂಡಗ್ರಾಸ, ಮೋಡ ಇಲ್ಲದಿದ್ದರೆ. ಬರಿಗಣ್ಣಿನಿಂದ ನೋಡಬಾರದು. ತೆಗೆದದ್ದು: ನಾಸಾದ ಗ್ರಹಣಗಳ ಪಟ್ಟಿಯಿಂದ.’ ಕೆಳಗೆ ಇವತ್ತಿನ ತಾರೀಖು, ನನ್ನ ಹೆಸರು.