ಸಂಶೋಧನೆಯ ಕೈಕೆಲಸ: ಕಾಗದದ ಚೀಟಿಯಿಂದ ಗಣಕಯಂತ್ರದವರೆಗೆ

(ಶಾಲೆಯ ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ಉಪನ್ಯಾಸಮಾಲೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಮಹಾರಾಷ್ಟ್ರದ ನೆಲದಲ್ಲಿ ಕನ್ನಡ ಮಾಧ್ಯಮದ ಶಾಲೆಯೊಂದು ನೂರು ವರ್ಷ ಬಾಳಿದೆ. ಇಂಥ ಶುಭ ಸಂದರ್ಭದಲ್ಲಿ ಮಾತನಾಡುವ ಅವಕಾಶ ದೊರೆತುದಕ್ಕೆ ಸಮಿತಿಗೆ ಕೃತಜ್ಞನಾಗಿದ್ದೇನೆ. ವಿಶ್ವವಿದ್ಯಾಲಯದ ಸಂಶೋಧಕರು ಅರಿತಿರಬೇಕಾದ ಕೈಕೆಲಸಗಳು ಮತ್ತು ಗಣಕಯಂತ್ರದ ಸಾಧನಗಳು ಇಂದಿನ ನನ್ನ ವಿಷಯ. ಶಾಲೆಯ ಸಮಾರಂಭಕ್ಕೆ ಇದು ದೂರದ ಮಾತೆಂದು ಕೆಲವರಿಗೆ ತೋರಬಹುದು. ಆದರೆ ಗಡಹಿಂಗ್ಲಜ, ಇಚಲಕರಂಜಿ, ಕೊಲ್ಹಾಪುರಗಳ ಕನ್ನಡ ಮನೆಗಳಿಂದ ಮಕ್ಕಳು ಇಂದು ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯಕ್ಕೆ, ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಉನ್ನತ ವ್ಯಾಸಂಗಕ್ಕಾಗಿ ಹೋಗುತ್ತಾರೆ. ಪಿಎಚ್.ಡಿ. ಎಂದು ನಾಲ್ಕೈದು ವರ್ಷ ಮಕ್ಕಳು ಮಾಡುವುದಾದರೂ ಏನು ಎಂದು ಪಾಲಕರು ಕೇಳುವುದು ಸಹಜ. ಆ ಪ್ರಶ್ನೆಗೆ ಉತ್ತರ ಕೊಡುವುದು ಈ ಮಾತಿನ ಮೊದಲ ಉದ್ದೇಶ. ಆ ಕೆಲಸದ ಬೇರು ಇಂಥ ಶಾಲೆಗಳಲ್ಲಿಯೇ ಇದೆ ಎಂದು ತೋರಿಸುವುದು ಎರಡನೆಯದು.

ನಮ್ಮ ಭಾಗದವರು ಮರೆಯಬಾರದ ಇಬ್ಬರು ವಿದ್ವಾಂಸರಿಂದ ಆರಂಭಿಸುತ್ತೇನೆ. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಪಾಠ ಹೇಳಿದ ಪ್ರೊ. ಕೆ. ಜಿ. ಕುಂದಣಗಾರರು 1939ರಲ್ಲಿ ಉತ್ತರ ಕರ್ನಾಟಕ ಮತ್ತು ಕೊಲ್ಹಾಪುರ ಸಂಸ್ಥಾನದ ಶಾಸನಗಳ ಸಂಪುಟವನ್ನು ಪ್ರಕಟಿಸಿದರು. ಅದೇ ಕಾಲೇಜಿನಲ್ಲಿದ್ದ ಡಾ. ಆ. ನೇ. ಉಪಾಧ್ಯೆಯವರು ಸದಲಗಾದಲ್ಲಿ ಹುಟ್ಟಿದವರು. 1935ರಲ್ಲಿ ಕುಂದಕುಂದಾಚಾರ್ಯರ ‘ಪ್ರವಚನಸಾರ’ವನ್ನು ಸಂಪಾದಿಸಿ, ಪ್ರಾಕೃತ ವಿದ್ವತ್ತಿನ ಲೋಕದಲ್ಲಿ ಕೊಲ್ಹಾಪುರದ ಹೆಸರನ್ನು ನಿಲ್ಲಿಸಿದರು. ಕುಂದಣಗಾರರು 1961ರಲ್ಲಿ ಗದುಗಿನ ಕನ್ನಡ ಸಾಹಿತ್ಯ ಸಮ್ಮೇಳನದ, ಉಪಾಧ್ಯೆಯವರು 1967ರಲ್ಲಿ ಶ್ರವಣಬೆಳಗೊಳದ ಸಮ್ಮೇಳನದ ಅಧ್ಯಕ್ಷರಾದರು. ಕೊಲ್ಹಾಪುರದ ಒಂದೇ ಕಾಲೇಜಿನ ಇಬ್ಬರು ಅಧ್ಯಾಪಕರಿಗೆ ಏಳು ವರ್ಷಗಳ ಅವಧಿಯಲ್ಲಿ ಕನ್ನಡ ನಾಡು ಆ ಪೀಠವನ್ನು ನೀಡಿತು.

ಇವರ ಕೆಲಸದ ಬಗೆಯನ್ನು ಸ್ವಲ್ಪ ನೋಡೋಣ. ಶಾಸನದ ಪಡಿಯಚ್ಚು ತೆಗೆಯುವವರು ಮೊದಲು ಕಲ್ಲನ್ನು ತೊಳೆಯುತ್ತಾರೆ. ಒದ್ದೆಯಾದ ಕಾಗದವನ್ನು ಅದರ ಮೇಲೆ ಹಾಸಿ, ಅಕ್ಷರದ ತಗ್ಗುಗಳಲ್ಲಿ ಇಳಿಯುವಂತೆ ಕುಂಚದಿಂದ ಬಡಿದು, ಬಳಿಕ ಮಸಿಯನ್ನು ಮೆಲ್ಲನೆ ಒತ್ತುತ್ತಾರೆ. ಗ್ರಂಥಸಂಪಾದನೆಯಲ್ಲಿ ಹಲವು ಹಸ್ತಪ್ರತಿಗಳನ್ನು ಪಕ್ಕದಲ್ಲಿರಿಸಿಕೊಂಡು ಪದಪದವನ್ನೂ ಹೋಲಿಸಬೇಕು. ಉಪಾಧ್ಯೆಯವರು ‘ಕುವಲಯಮಾಲಾ’ ಗ್ರಂಥವನ್ನು ಜೈಸಲ್ಮೇರಿನ ತಾಳೆಗರಿ ಪ್ರತಿ ಹಾಗೂ ಪುಣೆಯ ಕಾಗದದ ಪ್ರತಿಗಳ ಆಧಾರದಿಂದ ಸಂಪಾದಿಸಿದರು. ಅದರ ಮೊದಲ ಭಾಗ 1959ರಲ್ಲಿ, ಎರಡನೆಯದು 1970ರಲ್ಲಿ ಹೊರಬಂದಿತು. ಯಾವ ಪಾಠ ಯಾವ ಪ್ರತಿಯದೆಂಬುದನ್ನು ಇಂಥ ಸಂಪಾದಕ ಅಡಿಟಿಪ್ಪಣಿಯಲ್ಲಿ ಕಾಣಿಸುತ್ತಾನೆ. ತಾನು ಒಪ್ಪದ ಪಾಠವನ್ನೂ ಓದುಗರ ಮುಂದಿಡುತ್ತಾನೆ. ನಾಳೆ ಬರುವವರು ತನ್ನ ತೀರ್ಮಾನವನ್ನು ಪರೀಕ್ಷಿಸಲಿ ಎಂಬುದೇ ಇದರ ಹಿಂದಿನ ನ್ಯಾಯ. ಸಂಶೋಧನೆಯ ಎಲ್ಲ ಕೈಕೆಲಸಗಳೂ, ಇಂದಿನ ಎಲ್ಲ ಯಂತ್ರಗಳೂ ಈ ನ್ಯಾಯಕ್ಕೆ ಸೇವಕರು. ಒಂದು ಸಂಗತಿ ನಮಗೆ ಎಲ್ಲಿಂದ ಬಂತು ಎಂದು ತೋರಿಸಬೇಕು. ಅದು ಮುಂದಿನವರ ಕೈಗೆ ಸಿಗುವಂತೆ ಬರೆದಿಡಬೇಕು.

ಮೊದಲನೆಯ ಕೈಕೆಲಸ ಟಿಪ್ಪಣಿ ಬರೆಯುವುದು. ಹಿಂದಿನ ಸಂಶೋಧಕರು ಒಂದೊಂದು ವಿಷಯಕ್ಕೆ ಒಂದೊಂದು ಚೀಟಿ ಬರೆದು ಪೆಟ್ಟಿಗೆಯಲ್ಲಿ ಅಕಾರಾದಿಯಾಗಿ ಜೋಡಿಸುತ್ತಿದ್ದರು. ಚೀಟಿಯ ತಲೆಯಲ್ಲಿ ಗ್ರಂಥದ ಹೆಸರು, ಪುಟ, ನೋಡಿದ ದಿನಾಂಕ ಇರುತ್ತಿದ್ದವು. ಈಗ ಅದೇ ಕೆಲಸಕ್ಕೆ ಝೊಟೆರೊ ಎಂಬ ತಂತ್ರಾಂಶವಿದೆ. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು 2006ರಲ್ಲಿ ಬಿಡುಗಡೆಯಾದ ಇದನ್ನು ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು. ಪುಸ್ತಕದ ವಿವರವನ್ನು ಒಮ್ಮೆ ತುಂಬಿದರೆ ಸಾಕು. ಪ್ರಬಂಧ ಬರೆಯುವಾಗ ಅಡಿಟಿಪ್ಪಣಿಯನ್ನೂ ಗ್ರಂಥಋಣದ ಪಟ್ಟಿಯನ್ನೂ ಅದು ತಾನೇ ಸಿದ್ಧಪಡಿಸುತ್ತದೆ. ಆದರೆ ಕನ್ನಡ ಪುಸ್ತಕಗಳ ವಿಷಯದಲ್ಲಿ ಒಂದು ಎಚ್ಚರ ಬೇಕು. ಅಂತರ್ಜಾಲದಿಂದ ತಾನಾಗಿ ಬರುವ ವಿವರಗಳಲ್ಲಿ ಲೇಖಕರ ಹೆಸರಿನ ಮೊದಲಕ್ಷರ, ಮನೆತನದ ಹೆಸರು ಅದಲುಬದಲಾಗಿರುವುದುಂಟು. ಪ್ರಕಟಣೆಯ ವರ್ಷದ ಸ್ಥಾನದಲ್ಲಿ ಮರುಮುದ್ರಣದ ವರ್ಷ ಕುಳಿತಿರುವುದೂ ಉಂಟು. ಪುಸ್ತಕದ ಶೀರ್ಷಿಕೆಪುಟವನ್ನು ಕಣ್ಣಾರೆ ಕಂಡು ತಿದ್ದಿಕೊಳ್ಳುವುದು ಸಂಶೋಧಕರ ಹೊಣೆ.

ಎರಡನೆಯದು ಲಿಪಿಯ ವಿಷಯ. ನಮ್ಮಂಥವರಿಗೆ ಇದು ಅತ್ಯಂತ ಮುಖ್ಯವಾದುದೆಂದು ನಾನು ಭಾವಿಸಿದ್ದೇನೆ. ಹಳೆಯ ಪದ್ಧತಿಯ ಕನ್ನಡ ಅಕ್ಷರಶೈಲಿಗಳಲ್ಲಿ ಪರದೆಯ ಮೇಲೆ ‘ಕ’ ಕಾಣುತ್ತಿದ್ದರೂ ಯಂತ್ರದ ಒಳಗೆ ಇರುತ್ತಿದ್ದುದು ರೋಮನ್ ಲಿಪಿಗೆಂದು ಮಾಡಿಟ್ಟ ಸಂಕೇತ. ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ಅದೇ ಕಡತವನ್ನು ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಎದುರಾಗುತ್ತದೆ. ಯೂನಿಕೋಡ್ ಪದ್ಧತಿಯಲ್ಲಿ ಜಗತ್ತಿನ ಲಿಪಿಗಳ ಪ್ರತಿ ಅಕ್ಷರಕ್ಕೂ ಅದರದೇ ಆದ ಸಂಖ್ಯೆಯಿದೆ. ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ದೊರೆತಿದೆ. ಕೊಲ್ಹಾಪುರ ಸಂಸ್ಥಾನದ ಹಳೆಯ ದಫ್ತರುಗಳನ್ನು ಓದುವವರಿಗೆ ಬೇಕಾದ ಮೋಡಿ ಲಿಪಿಯೂ 2014ರಲ್ಲಿ ಅದರಲ್ಲಿ ಸೇರಿತು.

ಇದರಿಂದ ಆಗುವ ವ್ಯತ್ಯಾಸವೇನು? ವಿಶ್ವವಿದ್ಯಾಲಯ ಅನುದಾನ ಆಯೋಗದ 2009ರ ನಿಯಮದಂತೆ ಪಿಎಚ್.ಡಿ. ಪ್ರಬಂಧದ ಗಣಕೀಕೃತ ಪ್ರತಿಯನ್ನು ಸಲ್ಲಿಸಬೇಕಾಯಿತು. ಅಂಥ ಪ್ರಬಂಧಗಳು ‘ಶೋಧಗಂಗಾ’ ಭಂಡಾರದಲ್ಲಿ ಎಲ್ಲರಿಗೂ ತೆರೆದಿರುತ್ತವೆ. ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ ಪ್ರಬಂಧ ಅಲ್ಲಿ ಕಣ್ಣಿಗೆ ಕಾಣುತ್ತದೆ, ಹುಡುಕಿದರೆ ಸಿಗುವುದಿಲ್ಲ. ಐದು ವರ್ಷ ದುಡಿದು ಬರೆದ ನಾನೂರು ಪುಟಗಳು ಬೀಗ ಹಾಕಿದ ಕೋಣೆಯಲ್ಲಿಟ್ಟಂತೆ ಉಳಿಯುತ್ತವೆ. ಆದುದರಿಂದ ಮೊದಲ ಪುಟದಿಂದಲೇ ಯೂನಿಕೋಡಿನಲ್ಲಿ ಬರೆಯಬೇಕು. ನುಡಿ, ಬರಹ ತಂತ್ರಾಂಶಗಳಲ್ಲಿ ಇದಕ್ಕೆ ಅನುಕೂಲವಿದೆ. ಕೈಯಲ್ಲಿರುವ ಮೊಬೈಲಿನಲ್ಲಿಯೂ ಇದೆ. ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳೂ ದೊರೆಯುತ್ತವೆ. ಪರಿವರ್ತನೆಯಾದ ಮೇಲೆ ಮೂಲದೊಡನೆ ಸಾಲುಸಾಲಾಗಿ ಹೋಲಿಸಿ ನೋಡಬೇಕು, ಅಷ್ಟೆ.

ಮೂರನೆಯ ಕೈಕೆಲಸ ಹುಡುಕುವುದು. ಇದಕ್ಕೆ ಸುಂದರವಾದ ನಿದರ್ಶನ ವಚನ ಸಾಹಿತ್ಯದಲ್ಲಿದೆ. ವಿಜಯಪುರದ ಫ. ಗು. ಹಳಕಟ್ಟಿಯವರು ಮನೆಮನೆ, ಮಠಮಠ ತಿರುಗಿ ತಾಳೆಗರಿಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. 1993ರಲ್ಲಿ ಕರ್ನಾಟಕ ಸರ್ಕಾರ ಹದಿನೈದು ಸಂಪುಟಗಳಲ್ಲಿ ಸಮಗ್ರ ವಚನ ಸಾಹಿತ್ಯವನ್ನು ಪ್ರಕಟಿಸಿತು. ಈಗ ‘ವಚನ ಸಂಚಯ’ ಎಂಬ ಜಾಲತಾಣದಲ್ಲಿ ಒಂದು ಪದವನ್ನು ಕೊಟ್ಟರೆ ಅದು ಯಾವ ಯಾವ ವಚನಕಾರರಲ್ಲಿ ಬಂದಿದೆಯೆಂದು ಕ್ಷಣಮಾತ್ರದಲ್ಲಿ ತಿಳಿಯುತ್ತದೆ. ಒಂದು ತಲೆಮಾರು ಕೂಡಿಸಿತು, ಮತ್ತೊಂದು ಪರಿಷ್ಕರಿಸಿತು, ಮೂರನೆಯದು ಹುಡುಕಲು ಸಿಗುವಂತೆ ಮಾಡಿತು.

ಆದರೆ ಯಂತ್ರ ಕೊಟ್ಟ ಎಣಿಕೆಯನ್ನು ಕಣ್ಣುಮುಚ್ಚಿ ನಂಬಲಾಗದು. ‘ಅರಿವು’ ಎಂದು ಹುಡುಕಿದರೆ ‘ತನ್ನರಿವು’ ಎಂಬ ರೂಪ ಸಿಗುವುದಿಲ್ಲ. ಅಲ್ಲಿ ಎರಡು ಪದಗಳು ಸೇರುವಾಗ ಸ್ವರ ಲೋಪವಾಗಿ ‘ಅ’ ಎಂಬ ಅಕ್ಷರವೇ ಉಳಿದಿಲ್ಲ. ‘ಕಾಲ’ ಎಂದು ಹುಡುಕಿದವರಿಗೆ ‘ಮಳೆಗಾಲ’ ದೊರೆಯದು. ಅಲ್ಲಿ ಕಕಾರಕ್ಕೆ ಗಕಾರ ಆದೇಶವಾಗಿದೆ. ಲೋಪಸಂಧಿ, ಆಗಮಸಂಧಿ, ಆದೇಶಸಂಧಿ ಎಂದು ನಮ್ಮ ಗುರುಗಳು ಈ ಕೋಣೆಗಳಲ್ಲಿ ಬಾಯಿಪಾಠ ಮಾಡಿಸಿದ ವ್ಯಾಕರಣ ಗಣಕಯಂತ್ರದ ಮುಂದೆ ಕುಳಿತಾಗ ಹೀಗೆ ಉಪಯೋಗಕ್ಕೆ ಬರುತ್ತದೆ. ಸಂಧಿಯನ್ನು ಬಲ್ಲವರು ನಾಲ್ಕು ರೂಪಗಳನ್ನು ಹುಡುಕುತ್ತಾರೆ. ಅರಿಯದವರು ಒಂದನ್ನು ಹುಡುಕಿ, ಸಿಕ್ಕಷ್ಟೇ ಇದೆ ಎಂದು ತೀರ್ಮಾನಿಸುತ್ತಾರೆ.

ಊರ ಹೆಸರುಗಳದೂ ಇದೇ ಸಮಸ್ಯೆ. ಕೊಲ್ಲಾಪುರ, ಕೊಲ್ಹಾಪುರ, ಕೋಲ್ಹಾಪುರ. ಗಡಹಿಂಗ್ಲಜ, ಗಡಿಂಗ್ಲಜ: ನಮಗೆ ಇವು ಒಂದೇ ಊರು, ಯಂತ್ರಕ್ಕೆ ಬೇರೆ ಬೇರೆ. ಇದರೊಡನೆ ಮರಾಠಿಯ ದೇವನಾಗರಿ ರೂಪ, ಇಂಗ್ಲಿಷಿನ ರೂಪಗಳೂ ಸೇರುತ್ತವೆ. ಗಡಿಭಾಗದ ಸಂಶೋಧಕರು ಕೆಲಸ ತೊಡಗುವ ಮೊದಲೇ ಪ್ರತಿ ಊರಿನ, ಪ್ರತಿ ವ್ಯಕ್ತಿಯ ಹೆಸರಿನ ಎಲ್ಲ ರೂಪಗಳನ್ನೂ ಒಂದು ಕೋಷ್ಟಕದಲ್ಲಿ ಬರೆದಿಟ್ಟುಕೊಳ್ಳಬೇಕು. ಎರಡು ಭಾಷೆ, ಎರಡು ಲಿಪಿ ಬಲ್ಲ ನಮ್ಮ ಮಕ್ಕಳಿಗೆ ಇದು ಸುಲಭ. ಒಂದೇ ಭಾಷೆ ಬಲ್ಲವರು ಕಾಣದ ದಾಖಲೆ ಇವರಿಗೆ ಕಾಣುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಮಕ್ಕಳು ಹಿಂದೆ ಬಿದ್ದರೇನೋ ಎಂದು ಕಳವಳಪಡುವ ಪಾಲಕರು ಇದನ್ನು ಗಮನಿಸಬೇಕೆಂದು ವಿನಂತಿಸುತ್ತೇನೆ.

ಮುದ್ರಿತ ಪುಟದ ಚಿತ್ರವನ್ನು ಅಕ್ಷರಗಳಾಗಿ ಪರಿವರ್ತಿಸುವ ಸಾಧನಗಳೂ ಈಗ ಕನ್ನಡಕ್ಕಿವೆ. ಹಳೆಯ ಮುದ್ರಣದಲ್ಲಿ ಅವು ‘ಮ’ ಮತ್ತು ‘ವು’ಗಳನ್ನು, ‘ಪ’ ಮತ್ತು ‘ವ’ಗಳನ್ನು ಒಂದಕ್ಕೊಂದು ಬದಲಿಸಬಲ್ಲವು, ಅನುಸ್ವಾರದ ಸ್ಥಾನದಲ್ಲಿ ಸೊನ್ನೆಯನ್ನು ಕೂರಿಸಬಲ್ಲವು. ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಲ್ಲದ ಗ್ರಂಥದ ಹೆಸರನ್ನೂ ಪುಟಸಂಖ್ಯೆಯನ್ನೂ ನಂಬಿಕೆ ಹುಟ್ಟಿಸುವಂತೆ ಬರೆದುಕೊಡುವುದುಂಟು. ನಾವು ನೋಡದ ಮೂಲವನ್ನು ನೋಡಿದೆವೆಂದು ಬರೆಯಬಾರದು ಎಂಬ ಹಳೆಯ ನಿಯಮ ಇಲ್ಲಿಯೂ ಕಾಯುತ್ತದೆ. ಕೃತಿಚೌರ್ಯದ ಬಗೆಗೆ ಆಯೋಗ 2018ರಲ್ಲಿ ಮಾಡಿದ ನಿಯಮಗಳಂತೆ ಪ್ರಬಂಧದಲ್ಲಿ ಶೇಕಡಾ 10ರವರೆಗಿನ ಸಾಮ್ಯಕ್ಕೆ ದಂಡವಿಲ್ಲ. ಶೇಕಡಾ 60ನ್ನು ಮೀರಿದರೆ ವಿದ್ಯಾರ್ಥಿಯ ನೋಂದಣಿಯೇ ರದ್ದಾಗುತ್ತದೆ. ಶಾಲೆಯಲ್ಲಿ ಪಕ್ಕದವರ ಪಾಟಿ ನೋಡಿ ಬರೆಯಬಾರದೆಂದು ಕಲಿಸಿದ ಪಾಠದ ಬೆಲೆ ಅಲ್ಲಿ ತಿಳಿಯುತ್ತದೆ.

ನಾಲ್ಕನೆಯದು ಕಾಪಾಡುವುದು. 2019 ಮತ್ತು 2021ರಲ್ಲಿ ಪಂಚಗಂಗೆಯ ಮಹಾಪೂರವನ್ನು ನಾವೆಲ್ಲ ಕಂಡವರು. ನೀರು ಹೊಕ್ಕ ಮನೆಯಲ್ಲಿ ಕಾಗದವೂ ಉಳಿಯದು, ಗಣಕವೂ ಉಳಿಯದು. ಆದುದರಿಂದ ಸಂಶೋಧಕರು ತಮ್ಮ ಬರಹದ ಮೂರು ಪ್ರತಿಗಳನ್ನು ಎರಡು ಬಗೆಯ ಸಾಧನಗಳಲ್ಲಿ ಇಡಬೇಕು; ಅವುಗಳಲ್ಲಿ ಒಂದು ಬೇರೆ ಊರಿನಲ್ಲಿಯೋ ಅಂತರ್ಜಾಲದ ಸಂಗ್ರಹದಲ್ಲಿಯೋ ಇರಬೇಕು. ಕಡತದ ಹೆಸರಿನಲ್ಲಿ ವರ್ಷ, ತಿಂಗಳು, ದಿನ ಇದೇ ಕ್ರಮದಲ್ಲಿರಲಿ; ಆಗ ಕಡತಗಳು ತಾವಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ.

ಇನ್ನು ಈ ಶಾಲೆಗೆ ಸಂಬಂಧಿಸಿದ ಮಾತು. ಮುಂದಿನ ದಿನಗಳಲ್ಲಿ ನಮ್ಮ ಭಾಗದ ಚರಿತ್ರೆಯನ್ನು ಬರೆಯುವವರು ಮೊದಲು ಯಂತ್ರದಲ್ಲಿ ಹುಡುಕುತ್ತಾರೆ. ಸಿಗದಿದ್ದರೆ ಇರಲಿಲ್ಲವೆಂದೇ ತಿಳಿಯುತ್ತಾರೆ. ಗಡಹಿಂಗ್ಲಜದ ಹಳ್ಳಿಗಳ ಬೀಸುವ ಪದಗಳು, ಭಜನಾ ಮಂಡಳಿಗಳ ಕೈಬರಹದ ವಹಿಗಳು, ಇಚಲಕರಂಜಿಯ ಮಗ್ಗದ ಮನೆಗಳಲ್ಲಿ ಕನ್ನಡ ಮರಾಠಿ ಬೆರೆತ ನೇಯ್ಗೆಯ ಮಾತುಗಳು, ಕನ್ನಡ ಶಾಲೆಗಳ ಹಳೆಯ ರಜಿಸ್ಟರುಗಳು: ಇವೆಲ್ಲ ಇಂದು ಪೆಟ್ಟಿಗೆಗಳಲ್ಲಿ, ಹಿರಿಯರ ನೆನಪಿನಲ್ಲಿ ಇವೆ. ಇವನ್ನು ದಾಖಲಿಸದಿದ್ದರೆ ನೂರು ವರ್ಷ ಇಲ್ಲಿ ಬಾಳಿದ ಕನ್ನಡಕ್ಕೆ ಸಾಕ್ಷಿಯೇ ಇಲ್ಲದಂತಾಗುತ್ತದೆ.

ಅದಕ್ಕಾಗಿ ಮೂರು ಸಣ್ಣ ಕೆಲಸಗಳನ್ನು ಸೂಚಿಸುತ್ತೇನೆ. ಶಾಲೆಯ ಹಳೆಯ ರಜಿಸ್ಟರುಗಳ ಪ್ರತಿ ಪುಟದ ಛಾಯಾಚಿತ್ರ ತೆಗೆದು ಮೂರು ಕಡೆ ಕಾಪಾಡಬೇಕು. ಅವುಗಳಲ್ಲಿ ವ್ಯಕ್ತಿಗಳ ಜಾತಿ, ಜನ್ಮದಿನಗಳ ವಿವರ ಇರುವುದರಿಂದ ಬಹಿರಂಗವಾಗಿ ಪ್ರಕಟಿಸಬಾರದು. ಶಾಲೆಯ ಮುದ್ರಿತ ಹಾಗೂ ಕೈಬರಹದ ಸಂಚಿಕೆಗಳನ್ನು ಮಕ್ಕಳ ಕೈಯಿಂದ ಯೂನಿಕೋಡಿನಲ್ಲಿ ಬರೆಯಿಸಬೇಕು. ಗುರುಗಳು ಮೂಲದೊಡನೆ ಹೋಲಿಸಿ ತಿದ್ದಬೇಕು. ಪ್ರತಿ ವಿದ್ಯಾರ್ಥಿಯೂ ತನ್ನ ಮನೆಯ ಹಿರಿಯರೊಬ್ಬರಿಂದ ಒಂದು ಹಾಡನ್ನೋ ಹತ್ತು ಕಸುಬಿನ ಪದಗಳನ್ನೋ ಕೇಳಿ, ಹೇಳಿದವರ ಹೆಸರು, ಊರು, ದಿನಾಂಕಗಳೊಡನೆ ಅವರ ಒಪ್ಪಿಗೆ ಪಡೆದು ಬರೆದಿಡಬೇಕು. ಈ ಮೂರರಲ್ಲಿ ಯಾವುದಕ್ಕೂ ಹೆಚ್ಚಿನ ಹಣ ಬೇಕಿಲ್ಲ. ಇವನ್ನು ಮಾಡಿದ ಮಗು ವಿಶ್ವವಿದ್ಯಾಲಯಕ್ಕೆ ಹೋದಾಗ ಸಂಶೋಧನೆಯ ಕೈಕೆಲಸವನ್ನು ಹೊಸದಾಗಿ ಕಲಿಯಬೇಕಾಗುವುದಿಲ್ಲ.

ಕುಂದಣಗಾರರು ಓದಿ ಪ್ರಕಟಿಸಿದುದರಿಂದ ನಮ್ಮ ನೆಲದ ಕಲ್ಲುಗಳ ಕನ್ನಡ ಇಂದಿಗೂ ಓದಲು ಸಿಗುತ್ತದೆ. ನಮ್ಮ ಮನೆ, ಮಗ್ಗ, ಶಾಲೆಗಳ ಕನ್ನಡವನ್ನು ಸಿಗುವಂತೆ ಮಾಡುವ ಹೊಣೆ ಇನ್ನೊಬ್ಬರದಲ್ಲ, ಈ ಸಭೆಯಲ್ಲಿ ಕುಳಿತವರದು. ಶಾಲೆಯ ಎರಡನೆಯ ಶತಮಾನ ಆ ಕೆಲಸದಿಂದ ಆರಂಭವಾಗಲಿ ಎಂದು ಹಾರೈಸುತ್ತೇನೆ.